ಉಳ್ಳಾಲದ ರಾಣಿ ಕೇಳಿದ ಪ್ರಶ್ನೆ: ನಮ್ಮ ಕಾಡಲ್ಲಿ ನೋಡುವುದೇನಿದೆ?

ಬೇರೆ ಊರಿನವರು ಬಂದು "ನಿಮ್ಮೂರಾಗ ನೋಡೋ ಜಾಗ ಏನದ?" ಅಂತ ಕೇಳಿದರೆ ಕೋಡ್ಲಾದಲ್ಲಾಗಲಿ, ಸೇಡಂನಲ್ಲಾಗಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. "ಏನದರಿ ಇಲ್ಲಿ? ಸಿಮೆಂಟ್ ಫ್ಯಾಕ್ಟರಿ, ಪರ್ಸಿ ಕಲ್ಲಿನ ಖಣಿ, ತೊಗರಿ ಹೊಲ. ನೋಡಬೇಕಂದ್ರ ಸಮುದ್ರದ ಕಡೆ ಹೋಗ್ರಿ."

ಸಮುದ್ರದ ಕಡೆಯವರೂ ಒಂದು ಕಾಲಕ್ಕೆ ಇದೇ ಮಾತು ಆಡಿದ್ದಾರೆ. 1623ರ ಡಿಸೆಂಬರ್ ತಿಂಗಳು. ಉಳ್ಳಾಲದ ರಾಣಿಯ ಎದುರು ಇಟಲಿ ದೇಶದ ಒಬ್ಬ ಪ್ರವಾಸಿ ನಿಂತಿದ್ದ. ತುರ್ಕರ ರಾಜಧಾನಿ ನೋಡಿ, ಪರ್ಷಿಯಾದ ಷಾನ ಆಸ್ಥಾನ ನೋಡಿ, ಮೊಗಲರ ಸೂರತ್ ನೋಡಿ, ಇಕ್ಕೇರಿ ನಾಯಕರ ಅರಮನೆಯನ್ನೂ ನೋಡಿ ಬಂದವನು ಅವನು. ರಾಣಿ ಅವನನ್ನು ಕೇಳಿದಳು: ಅಷ್ಟೆಲ್ಲ ದೊಡ್ಡ ದೊಡ್ಡ ಅರಸರ ಊರು ನೋಡಿದವನು, ಈ ನಮ್ಮ ಕಾಡಿನಲ್ಲಿ ಏನು ನೋಡಲು ಬಂದೆ?

ಆ ಪ್ರವಾಸಿಯ ಹೆಸರು ಪಿಯೆತ್ರೊ ದೆಲ್ಲಾ ವಾಲೆ. ಅವನು ನಮ್ಮ ಕನ್ನಡ ನಾಡಿನ ಕರಾವಳಿಯಲ್ಲಿ ಏನು ನೋಡಿದ, ಅದರಿಂದ ಇವತ್ತು ನಮಗೇನು ಸಿಕ್ಕಿದೆ ಎಂಬುದನ್ನು ಈ ಬರಹದಲ್ಲಿ ಹೇಳುತ್ತೇವೆ. ಕೊನೆಗೆ ಕಾಗಿಣಾ ನದಿಯ ಈ ಕಡೆಗೂ ಬರುತ್ತೇವೆ.

ಯಾರು ಈ ಇಟಲಿಯವ?

ವಾಲೆ ಹುಟ್ಟಿದ್ದು 1586ರಲ್ಲಿ, ರೋಮ್ ನಗರದ ಸಿರಿವಂತರ ಮನೆಯಲ್ಲಿ. ಪ್ರೀತಿಸಿದ ಹುಡುಗಿ ಬೇರೆಯವರನ್ನು ಮದುವೆಯಾದಳು. ಮನಸ್ಸು ಕೆಟ್ಟು ನೇಪಲ್ಸ್ ಎಂಬ ಕಡಲೂರಿಗೆ ಹೋದ. ಅಲ್ಲಿ ಮಾರಿಯೋ ಸ್ಕಿಪಾನೋ ಎಂಬ ವೈದ್ಯ ಗೆಳೆಯ ಅವನಿಗೊಂದು ಬುದ್ಧಿ ಹೇಳಿದ: ಕೂತು ಕೊರಗಬೇಡ, ಪೂರ್ವ ದೇಶಗಳ ಯಾತ್ರೆ ಮಾಡು, ಕಂಡದ್ದನ್ನು ನನಗೆ ಕಾಗದದಲ್ಲಿ ಬರೆ. 1614ರಲ್ಲಿ ವೆನಿಸ್ ಬಂದರಿನಿಂದ ಹಡಗು ಹತ್ತಿದವನು ತಿರುಗಿ ರೋಮ್ ಸೇರಿದ್ದು 1626ರಲ್ಲಿ. ಹನ್ನೆರಡು ವರ್ಷ.

ವ್ಯಾಪಾರಕ್ಕೆ ಬಂದವನಲ್ಲ. ಸೈನಿಕನಲ್ಲ, ಪಾದ್ರಿಯೂ ಅಲ್ಲ. ಆ ಕಾಲದಲ್ಲಿ ನಮ್ಮ ನಾಡಿಗೆ ಬಂದ ಯುರೋಪಿನವರಲ್ಲಿ ಹೆಚ್ಚಿನವರಿಗೆ ಕಾಳುಮೆಣಸು ಬೇಕಿತ್ತು, ಇಲ್ಲವೇ ಧರ್ಮಕ್ಕೆ ಸೇರುವ ಜನ ಬೇಕಿತ್ತು. ಇವನಿಗೆ ನೋಡುವುದೇ ಕೆಲಸ. ಇವತ್ತಿನ ಮಾತಿನಲ್ಲಿ ಹೇಳಬೇಕೆಂದರೆ ಟೂರಿಸ್ಟ್.

ಬಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಹುಡುಗಿಯನ್ನು ಮದುವೆಯಾದ. ಆಕೆಯೂ ಅವನ ಜೊತೆಗೇ ಪರ್ಷಿಯಾ ತಿರುಗಿದಳು. 1621ರ ಕೊನೆಗೆ ಹೋರ್ಮುಜ್ ಕಡಲಿನ ಹತ್ತಿರ ಮಿನಾಬ್ ಎಂಬಲ್ಲಿ ಜ್ವರದಿಂದ ತೀರಿಕೊಂಡಳು. ಪರದೇಶದ ಮಣ್ಣಿನಲ್ಲಿ ಹೂಳಲು ಅವನಿಗೆ ಮನಸ್ಸಾಗಲಿಲ್ಲ. ಹೆಣ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಭಾರತದ ದಾರಿಯಾಗಿ ರೋಮ್‌ವರೆಗೆ ಒಯ್ದು, ತನ್ನ ಮನೆತನದ ಸಮಾಧಿಯಲ್ಲಿ ಮಣ್ಣು ಮಾಡಿದ. ನಮ್ಮ ಕರಾವಳಿಯನ್ನು ನೋಡಿದ್ದು ಇಂಥ ದುಃಖ ಹೊತ್ತಿದ್ದ ಮನುಷ್ಯ.

ಹೊನ್ನಾವರ, ಗೇರುಸೊಪ್ಪೆ

1623ರಲ್ಲಿ ಅವನು ಸೂರತ್ ಮುಟ್ಟಿ, ಅಲ್ಲಿಂದ ಗೋವಾಕ್ಕೆ ಬಂದ. ಗೋವಾ ಆಗ ಪೋರ್ಚುಗೀಸರ ಕೈಯಲ್ಲಿತ್ತು. ಅಲ್ಲಿಯ ಪೋರ್ಚುಗೀಸರು ಉಣ್ಣುವ ಅಕ್ಕಿ ಬಸರೂರು, ಮಂಗಳೂರಿನಂಥ ನಮ್ಮ ಬಂದರುಗಳಿಂದ ಹೋಗಬೇಕಿತ್ತು. ಯುರೋಪಿಗೆ ಕಳಿಸುವ ಕಾಳುಮೆಣಸು ಘಟ್ಟದ ಮೇಲಿನಿಂದ ಇಳಿಯಬೇಕಿತ್ತು. ಎರಡರ ಮೇಲೂ ಇಕ್ಕೇರಿಯ ವೆಂಕಟಪ್ಪ ನಾಯಕನ ಹಿಡಿತ. ಆದ್ದರಿಂದ ಗೋವಾದವರು ಅವನ ಹತ್ತಿರ ಒಬ್ಬ ರಾಯಭಾರಿಯನ್ನು ಕಳಿಸಿದರು. ಆ ರಾಯಭಾರಿಯ ಜೊತೆಗೆ ವಾಲೆಯೂ ಹೊರಟ.

ಹೊನ್ನಾವರದಲ್ಲಿ ಇಳಿದು, ಶರಾವತಿಯಲ್ಲಿ ದೋಣಿ ಹತ್ತಿ, ನೀರಿಗೆ ಎದುರಾಗಿ ಗೇರುಸೊಪ್ಪೆಯ ಕಡೆ ಹೋದರು. ತಾನು ಕಂಡ ಬಲು ಚೆಂದದ ನದಿಗಳಲ್ಲಿ ಇದೂ ಒಂದು ಅಂತ ಅವನು ಬರೆದ. ನೈಲ್ ನದಿ ನೋಡಿದವನ ಮಾತಿದು.

ಗೇರುಸೊಪ್ಪೆ ಅಂದರೆ ಚೆನ್ನಭೈರಾದೇವಿಯ ಊರು. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಅಂತಲೇ ಕರೆಯುತ್ತಿದ್ದರು. ವಾಲೆ ಹೋಗುವ ಹೊತ್ತಿಗೆ ಆಕೆಯ ರಾಜ್ಯ ಇಕ್ಕೇರಿಯ ಪಾಲಾಗಿ ಬಹಳ ವರ್ಷವೇನೂ ಆಗಿರಲಿಲ್ಲ. ಆಗಲೇ ಪಟ್ಟಣ ಹಾಳುಬಿದ್ದಿತ್ತು, ಅರಮನೆಯ ಜಾಗದಲ್ಲಿ ಮರ ಬೆಳೆದಿದ್ದವು. ಈಗಲೂ ಅಲ್ಲಿಗೆ ಹೋದರೆ ಕಾಡಿನ ನಡುವೆ ಕಲ್ಲಿನ ಚತುರ್ಮುಖ ಬಸದಿ ಕಾಣುತ್ತದೆ. ನಾಲ್ಕು ದಿಕ್ಕಿಗೂ ಬಾಗಿಲು. ಸುತ್ತ ಪಟ್ಟಣವಿಲ್ಲ.

ಒಂದು ಮಾತು ಗಮನಿಸಬೇಕು. ರಾಣಿ ಯಾಕೆ ಸೋತಳು ಎಂಬುದಕ್ಕೆ ವಾಲೆ ಒಂದು ಪ್ರೇಮದ ಕಥೆ ಹೇಳುತ್ತಾನೆ. ಅದು ಗೆದ್ದವರ ಸೀಮೆಯಲ್ಲಿ ಕಿವಿಗೆ ಬಿದ್ದ ಸುದ್ದಿ. ಮರ ಬೆಳೆದದ್ದು ಅವನು ಕಣ್ಣಾರೆ ಕಂಡದ್ದು. ಎರಡೂ ಒಂದೇ ಕಾಗದದಲ್ಲಿವೆ, ಆದರೆ ಎರಡಕ್ಕೂ ಒಂದೇ ತೂಕವಿಲ್ಲ.

ಮರಳಿನ ಮೇಲಿನ ಲೆಕ್ಕ

ಇಕ್ಕೇರಿ ಸೀಮೆಯ ದಾರಿಯಲ್ಲಿ ಒಂದು ಹಳ್ಳಿ. ಸಾಮಾನು ಹೊರುವವರು ಗಂಟು ಕಟ್ಟುವವರೆಗೆ ಗುಡಿಯ ಪಡಸಾಲೆಯಲ್ಲಿ ಕಾಯುತ್ತಿದ್ದ. ಅಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಮೇಷ್ಟ್ರು ಇಲ್ಲ, ಪುಸ್ತಕ ಇಲ್ಲ, ಹಲಗೆಯೂ ಇಲ್ಲ. ನೆಲದ ಮೇಲೆ ನುಣ್ಣನೆಯ ಮರಳು ಹರಡಿದ್ದರು. ಒಬ್ಬ ರಾಗವಾಗಿ ಪಾಠ ಹೇಳುತ್ತ ಬೆರಳಿನಿಂದ ಮರಳಿನ ಮೇಲೆ ಅಂಕಿ ಬರೆಯುವನು. ಉಳಿದವರೂ ಅದನ್ನೇ ಹಾಡುತ್ತ ಬರೆಯುವರು. ನೆಲ ತುಂಬಿದರೆ ಅಳಿಸಿ, ಮತ್ತೆ ಮರಳು ಹಾಕಿ ಮುಂದಿನ ಲೆಕ್ಕ.

ಮಗ್ಗಿ ರಾಗವಾಗಿ ಹೇಳುವುದು, ಮರಳಲ್ಲಿ ಬೆರಳಾಡಿಸಿ ಅಕ್ಷರ ತಿದ್ದುವುದು ನಮ್ಮ ಅಜ್ಜಂದಿರಿಗೂ ಗೊತ್ತಿದ್ದದ್ದೇ. ವಾಲೆಗೆ ಇದು ಹೊಸದು. ಅವನು ಕೇಳಿದ: ಮೇಷ್ಟ್ರೇ ಇಲ್ಲವಲ್ಲ, ತಪ್ಪಿದರೆ ತಿದ್ದುವವರು ಯಾರು?

ಹುಡುಗರು ಕೊಟ್ಟ ಉತ್ತರದ ಹುರುಳು ಇದು: ನಾವು ನಾಲ್ಕು ಜನ ಇದ್ದೇವೆ. ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದು ಸಾಧ್ಯವಿಲ್ಲ. ಒಬ್ಬ ತಪ್ಪಿದರೆ ಮತ್ತೊಬ್ಬ ತಿದ್ದುತ್ತಾನೆ. ಅದಕ್ಕೇ ಕೂಡಿ ಕಲಿಯುತ್ತೇವೆ.

ಅವರು ಹೇಳಿದ್ದು ನಿಜ ಅಂತ ವಾಲೆ ಒಪ್ಪಿಕೊಂಡು ಬರೆದಿಟ್ಟ. ಮರುದಿನ ಆ ಮರಳಿನ ಮೇಲಿನ ಅಂಕಿ ಉಳಿದಿರಲಿಕ್ಕಿಲ್ಲ. ಹುಡುಗರ ಹೆಸರೂ ನಮಗೆ ಸಿಕ್ಕಿಲ್ಲ. ಆದರೆ 400 ವರ್ಷದ ಹಿಂದೆ ಮಲೆನಾಡಿನ ಒಂದು ಹಳ್ಳಿಯಲ್ಲಿ ಮಕ್ಕಳು ಹೇಗೆ ಲೆಕ್ಕ ಕಲಿಯುತ್ತಿದ್ದರು ಎಂಬುದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಉಳಿಯಿತು.

ಕೋಲಾಟ, ಮತ್ತು ಒಬ್ಬ ಹೆಣ್ಣುಮಗಳ ಹೆಸರು

ಇಕ್ಕೇರಿಯಲ್ಲಿ ಅರಮನೆ, ದರ್ಬಾರು ಎಲ್ಲ ನೋಡಿದ. ಸಂಜೆ ಬೀದಿಯಲ್ಲಿ ಹೆಣ್ಣುಮಕ್ಕಳು ಬಣ್ಣದ ಕೋಲು ಹಿಡಿದು ಸುತ್ತು ತಿರುಗುತ್ತ, ಹಾಡಿನ ಕೊನೆಗೆ "ಕೋಲೆ, ಕೋಲೆ" ಅನ್ನುವುದನ್ನೂ ಬರೆದುಕೊಂಡ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಕಿವಿಗೆ ಬಿದ್ದ ಶಬ್ದವನ್ನು ಬಿಡಲಿಲ್ಲ. ನಮ್ಮ ಕಡೆ ಇವತ್ತಿಗೂ ಕೋಲಾಟದ ಹಾಡಿನಲ್ಲಿ ಅದೇ ಶಬ್ದ ಬರುತ್ತದೆ.

ಅದೇ ಊರಿನಲ್ಲಿ ಇನ್ನೊಂದು ನೋಟ. ಗಂಡ ಸತ್ತ ಒಬ್ಬ ಹೆಣ್ಣುಮಗಳನ್ನು ಕುದುರೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತಿದ್ದರು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು. ಸತಿ ಹೋಗುವವಳು ಆಕೆ. ವಾಲೆ ನೋಡಿ ಸುಮ್ಮನಾಗಲಿಲ್ಲ. ಮತ್ತೊಂದು ದಿನ ಆಕೆಯ ಮನೆ ಹುಡುಕಿಕೊಂಡು ಹೋದ. ದುಭಾಷಿಯ ಮೂಲಕ ಮಾತಾಡಿದ. ಗಂಡ ಡೋಲು ಬಾರಿಸುವವನು, ತೆಲುಗು ಮನೆತನ, ಮನೆಯಲ್ಲಿ ಸಣ್ಣ ಮಕ್ಕಳು. ಬೇಡ, ಮಕ್ಕಳನ್ನು ನೋಡಿಕೊಂಡು ಬದುಕು ಅಂತ ಹೇಳಿನೋಡಿದ. ಆಕೆ ಒಪ್ಪಲಿಲ್ಲ. ಹಾಗಾದರೆ ನನ್ನ ಕೈಲಾದಷ್ಟು ನಿನ್ನ ಹೆಸರು ಲೋಕದಲ್ಲಿ ಉಳಿಯುವಂತೆ ಮಾಡುತ್ತೇನೆ ಅಂತ ಮಾತು ಕೊಟ್ಟು ಎದ್ದ. ಅವನು ಇಟಲಿಯ ಅಕ್ಷರದಲ್ಲಿ ಬರೆದುಕೊಂಡ ಹೆಸರನ್ನು ನಾವು ಜಕ್ಕಮ್ಮ ಅಂತ ಓದಬಹುದು.

ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ಮಾಸ್ತಿಕಲ್ಲು ಇವೆ. ಬಳೆ ತೊಟ್ಟ ಒಂದು ತೋಳು, ಕೈಯಲ್ಲಿ ನಿಂಬೆಹಣ್ಣು. ಅರಿಶಿನ ಹಚ್ಚುತ್ತಾರೆ, ಕೈಮುಗಿಯುತ್ತಾರೆ. ಬಹಳಷ್ಟು ಕಲ್ಲುಗಳ ಮೇಲೆ ಹೆಸರಿಲ್ಲ. ಜಕ್ಕಮ್ಮನ ಹೆಸರು, ಆಕೆಯ ಮನೆ, ಆಕೆ ಆಡಿದ ಮಾತು ಉಳಿದದ್ದು ಒಬ್ಬ ಪರದೇಶಿ ಬಾಗಿಲಿಗೆ ಹೋಗಿ ಕೇಳಿದ್ದರಿಂದ. ಕಲ್ಲು ನಿಲ್ಲಿಸಿದವರಿಗೆ ಆಕೆಯ ಸಾವು ಬೇಕಿತ್ತು. ಆಕೆ ಯಾರು ಎಂಬುದು ಬೇಕಿರಲಿಲ್ಲ.

ಬರಿಗಾಲಿನ ರಾಣಿ

ಘಟ್ಟ ಇಳಿದು ಬಸರೂರು ನೋಡಿ ಮಂಗಳೂರಿಗೆ ಬಂದ. ಕದ್ರಿ ಗುಡ್ಡದ ಜೋಗಿಗಳ ಮಠ ನೋಡಿದ. ನದಿ ದಾಟಿ ಉಳ್ಳಾಲ ನೋಡಿದ. ರಾಣಿ ಆಗ ಒಳನಾಡಿನ ಮಾನೇಲ್‌ನಲ್ಲಿದ್ದಾಳೆ ಅಂತ ತಿಳಿದು ಅಲ್ಲಿಗೂ ಹೋದ.

ಉಳ್ಳಾಲದ್ದು ಚೌಟರ ಮನೆತನ. ಜೈನರು. ಅಳಿಯಸಂತಾನದ ಕಟ್ಟು, ಅಂದರೆ ಹಕ್ಕು ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಹಾಗಾಗಿ ಇಲ್ಲಿ ಹೆಣ್ಣುಮಗಳೇ ಗದ್ದುಗೆ ಏರಬಹುದಿತ್ತು. ಅಬ್ಬಕ್ಕ ಎಂಬ ಹೆಸರಿನಲ್ಲಿ ಒಬ್ಬರಿಗಿಂತ ಹೆಚ್ಚು ರಾಣಿಯರು ಆಳಿದರು ಎಂಬುದು ಚರಿತ್ರೆಕಾರರ ಮಾತು. ವಾಲೆ ಕಂಡ ರಾಣಿಯ ಹೆಸರನ್ನೂ ಅವನು ಅಬ್ಬಕ್ಕದೇವಿ ಚೌಟ ಎಂದು ಓದಬಹುದಾದಂತೆ ಬರೆದಿದ್ದಾನೆ. ಗಂಡನಾಗಿದ್ದ ಬಂಗರ ಅರಸನನ್ನು ಬಿಟ್ಟವಳು ಆಕೆ. ಅವನು ಪೋರ್ಚುಗೀಸರ ಜೊತೆ ನಿಂತಾಗ ಈಕೆ ಇಕ್ಕೇರಿಯ ವೆಂಕಟಪ್ಪ ನಾಯಕನ ಬೆಂಬಲ ಪಡೆದು ಎದುರಿಸಿದಳು.

ಈಗಿನ ಚಿತ್ರ, ಪ್ರತಿಮೆಗಳಲ್ಲಿ ಅಬ್ಬಕ್ಕ ಅಂದರೆ ಕತ್ತಿ ಹಿಡಿದ ವೀರರಾಣಿ. ವಾಲೆಗೆ ಸಿಕ್ಕ ರಾಣಿ ಬೀದಿಯಲ್ಲಿ ನಡೆದು ಬರುತ್ತಿದ್ದಳು. ವಯಸ್ಸು ನಲವತ್ತರ ಹತ್ತಿರ. ಕಪ್ಪು ಬಣ್ಣ, ಗಟ್ಟಿ ಮೈಕಟ್ಟು. ಕಾಲಲ್ಲಿ ಏನೂ ಇಲ್ಲ. ಬಿಳಿ ಹತ್ತಿಯ ಸಾದಾ ಬಟ್ಟೆ. ತಲೆಯ ಮೇಲೆ ತಾಳೆಗರಿಯ ಛತ್ರಿ. ಎಲ್ಲಿಗೆ ಹೊರಟಿದ್ದಳು? ಹೊಲದ ಕಡೆ ತಾನು ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು.

ಬಟ್ಟೆ ನೋಡಿದರೆ ರಾಣಿಯಲ್ಲ, ಅಡುಗೆಮನೆಯ ಆಳು ಎನ್ನಬೇಕು ಎಂಬ ಅರ್ಥದಲ್ಲಿ ವಾಲೆ ಬರೆಯುತ್ತಾನೆ. ಇದು ಅವನ ಸಿರಿವಂತಿಕೆಯ ಕಣ್ಣು. ಅಲ್ಲಿಗೇ ನಿಲ್ಲಿಸದೆ ಮುಂದೆ ಇನ್ನೊಂದು ಮಾತು ಸೇರಿಸುತ್ತಾನೆ: ಬಾಯಿ ತೆರೆದು ಮಾತಾಡಿದಾಗ ಆಕೆ ಎಂಥ ವಿವೇಕಿ ಎಂಬುದು ತಿಳಿಯಿತು. ಬಟ್ಟೆ ಕಂಡು ತೂಗಿದವನು ಮಾತು ಕೇಳಿ ತೂಕ ಬದಲಿಸಿದ. ಎರಡನ್ನೂ ಬರೆದದ್ದರಿಂದಲೇ ಅವನ ಕಾಗದ ನಂಬಿಕೆಗೆ ಯೋಗ್ಯ.

ರಾಣಿ ಅವನನ್ನು ಬೀದಿಯಲ್ಲೇ ನಿಲ್ಲಿಸಿ ವಿಚಾರಿಸಿದಳು. ಯಾವ ಊರು, ಏನೇನು ನೋಡಿದೆ, ಈ ಕಾಡಿಗೆ ಯಾಕೆ ಬಂದೆ? ನಿಮ್ಮನ್ನು ಕಂಡದ್ದೇ ನನಗೆ ಸಾಕು ಅಂತ ಅವನ ಉತ್ತರ. ಆಮೇಲೆ ಆಕೆ ಇನ್ನೊಂದು ಪ್ರಶ್ನೆ ಕೇಳಿದಳು. ಹೀಗೆ ಒಬ್ಬನೇ ದೇಶ ದೇಶ ತಿರುಗುತ್ತೀಯಲ್ಲ, ಪ್ರೀತಿಯಲ್ಲಿ ಸೋತು ಬಂದೆಯಾ, ಇಲ್ಲ ನಿನ್ನವರು ಯಾರಾದರೂ ಸತ್ತರಾ?

ಎರಡೂ ನಿಜವಾಗಿತ್ತು. ವಾಲೆ ಹೇಳಲಿಲ್ಲ. ದೇಶ ನೋಡುವ ಆಸೆಯಿಂದ ಬಂದೆ ಅಂದ. ತಾನು ದುಃಖ ಮುಚ್ಚಿಟ್ಟೆ ಎಂಬುದನ್ನು ಮಾತ್ರ ನೇಪಲ್ಸಿನ ಗೆಳೆಯನಿಗೆ ಬರೆದ. ಹೊಲದ ಕೆಲಸಕ್ಕೆ ಹೊರಟಿದ್ದ ತುಳುನಾಡಿನ ರಾಣಿ ಒಬ್ಬ ಪರದೇಶಿಯ ಮುಖ ನೋಡಿ ಅಷ್ಟನ್ನು ಊಹಿಸಿದಳು. ನೋಡಲು ಬಂದವನನ್ನೇ ಆಕೆ ನೋಡಿಬಿಟ್ಟಿದ್ದಳು.

ಅವನನ್ನು ಎಷ್ಟು ನಂಬಬೇಕು?

ವಾಲೆಯ ಭಾರತದ ಕಾಗದಗಳು ಅವನು ಸತ್ತ ಮೇಲೆ, 1663ರಲ್ಲಿ ಅಚ್ಚಾದವು. ಮರುವರ್ಷವೇ ಇಂಗ್ಲಿಷಿಗೆ ಬಂದವು. ಆದರೆ ಅದನ್ನು ವೇದವಾಕ್ಯ ಮಾಡಬೇಕಿಲ್ಲ. ಅವನು ಕಟ್ಟಾ ಕ್ರೈಸ್ತ. ನಮ್ಮ ದೇವರುಗಳ ಬಗ್ಗೆ ಹಗುರವಾಗಿ ಬರೆದಿದ್ದಾನೆ. ಎಲ್ಲವನ್ನೂ ದುಭಾಷಿಯ ಮೂಲಕ ಕೇಳಿದವನು. ಊರಿನ ಹೆಸರುಗಳು ಅವನ ಬಾಯಲ್ಲಿ ಗುರುತು ಸಿಗದಂತೆ ತಿರುಚಿವೆ.

ಹಾಗಿದ್ದರೂ ಅವನಿಂದ ಕಲಿಯುವುದಿದೆ. ಕಂಡದ್ದನ್ನು ಬಹಳ ದಿನ ತಡಮಾಡದೆ ಬರೆದ. ತಾರೀಕು ಹಾಕಿದ. ಅರಸರನ್ನೂ ಬರೆದ, ಮರಳಲ್ಲಿ ಬರೆಯುವ ಹುಡುಗರನ್ನೂ ಬರೆದ. ಮುಖ್ಯವಾಗಿ, ಜನರನ್ನು ಪ್ರಶ್ನೆ ಕೇಳಿದ, ಅವರ ಉತ್ತರವನ್ನು ಉಳಿಸಿದ.

ಈಗ ಹೋದರೆ ಏನು ಕಾಣುತ್ತದೆ?

ನಮ್ಮ ಕಡೆಯಿಂದ ಧರ್ಮಸ್ಥಳಕ್ಕೆ ಹೋದವರು ಮಂಗಳೂರಿಗೂ ಹೋಗಿ ಸಮುದ್ರ ನೋಡಿ ಬರುವುದುಂಟು. ಮುಂದಿನ ಸಲ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ನೇತ್ರಾವತಿಯ ಸೇತುವೆ ದಾಟಿದರೆ ಉಳ್ಳಾಲ. ಕಡಲ ಬಂಡೆಯ ಮೇಲೆ ಸೋಮನಾಥೇಶ್ವರ ಗುಡಿ ಇದೆ. ಸಯ್ಯಿದ್ ಮದನಿ ದರ್ಗಾ ಇದೆ. ಅಬ್ಬಕ್ಕನ ಪ್ರತಿಮೆ ಇದೆ. ಆಕೆಯ ಹೆಸರನ್ನು 2012ರಲ್ಲಿ ಕರಾವಳಿ ಕಾವಲು ಪಡೆಯ ಒಂದು ಹಡಗಿಗೂ ಇಟ್ಟಿದ್ದಾರೆ.

ಇನ್ನೊಂದೂ ಕಾಣುತ್ತದೆ. ಉಳ್ಳಾಲದ ದಡದಲ್ಲಿ ಸಾಲಾಗಿ ಸುರಿದ ದೊಡ್ಡ ದೊಡ್ಡ ಬಂಡೆಗಳು. ಮಳೆಗಾಲ ಬಂದರೆ ಕಡಲು ಮುಂದೆ ನುಗ್ಗುತ್ತದೆ. ತೆಂಗಿನ ಮರ ಉರುಳುತ್ತವೆ, ರಸ್ತೆ ಕೊಚ್ಚಿಹೋಗುತ್ತದೆ, ಮನೆಗಳು ಬೀಳುತ್ತವೆ. ಕೋಟೆ ಹಾಳಾದರೆ ಕಲ್ಲಾದರೂ ಉಳಿಯುತ್ತದೆ. ಇಲ್ಲಿ ಊರಿನ ನೆಲವೇ ಹೋಗುತ್ತದೆ. ಮೀನುಗಾರರ ಮನೆ ಎಲ್ಲಿತ್ತು ಎಂಬುದನ್ನು ಈಗಿರುವವರು ಹೇಳದಿದ್ದರೆ ಮುಂದೆ ಹೇಳುವವರು ಇರುವುದಿಲ್ಲ.

ಕದ್ರಿಗೆ ಹೋದರೆ ಲೋಕೇಶ್ವರನ ಕಂಚಿನ ವಿಗ್ರಹ ತಪ್ಪದೆ ನೋಡಿ. ಅದರ ಪೀಠದ ಬರಹ ಹೇಳುವ ಕಾಲ ಕ್ರಿ.ಶ. 968. ಆ ವರ್ಷ ನಮ್ಮ ಮಳಖೇಡದಲ್ಲಿ ಇನ್ನೂ ರಾಷ್ಟ್ರಕೂಟರ ಗದ್ದುಗೆ ಇತ್ತು. ನಾಲ್ಕೇ ವರ್ಷಕ್ಕೆ, 972ರಲ್ಲಿ, ಮಾಳ್ವದ ಸೀಯಕ ಬಂದು ಮಳಖೇಡವನ್ನು ಲೂಟಿ ಮಾಡಿದ.

ಕಾಗಿಣಾ ದಡಕ್ಕೆ

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಸಮುದ್ರವಿಲ್ಲ. ಆದರೆ ಸಮುದ್ರ ದಾಟಿ ಹೆಸರು ಹೋಗಿತ್ತು. ಕ್ರಿ.ಶ. 851ರಲ್ಲಿ ಅರಬ್ ವ್ಯಾಪಾರಿ ಸುಲೈಮಾನ್ ಲೋಕದ ನಾಲ್ಕು ದೊಡ್ಡ ಅರಸರನ್ನು ಎಣಿಸಿದಾಗ ಬಗ್ದಾದಿನ ಖಲೀಫ, ಚೀನಾದ ದೊರೆ, ರೂಮಿನ ದೊರೆಯ ಜೊತೆ ಬಲ್ಹಾರನನ್ನೂ ಸೇರಿಸಿದ. ಬಲ್ಹಾರ ಅಂದರೆ ನಮ್ಮ ರಾಷ್ಟ್ರಕೂಟ ದೊರೆ. ಮುಂದಿನ ಶತಮಾನದ ಅಲ್ ಮಸೂದಿ ಅವರ ರಾಜಧಾನಿಯನ್ನು ಮಾನ್ಕೀರ್ ಅಂತ ಬರೆದ. ಅದೇ ಮಾನ್ಯಖೇಟ, ಸೇಡಂ ತಾಲೂಕಿನ ಮಳಖೇಡ.

ಕವಿರಾಜಮಾರ್ಗ ಹುಟ್ಟಿದ ಆಸ್ಥಾನ ಅದು. ಮಹಾವೀರಾಚಾರ್ಯನ ಗಣಿತಸಾರಸಂಗ್ರಹವೂ ಅಮೋಘವರ್ಷನ ಕಾಲದ್ದೇ. ಆದರೆ ಆ ಕಾಲದ ಮಳಖೇಡದ ಬೀದಿಯಲ್ಲಿ ನಡೆದು, ಅಲ್ಲಿಯ ಹುಡುಗರು ಲೆಕ್ಕ ಹೇಗೆ ಕಲಿಯುತ್ತಿದ್ದರು, ಕಾಗಿಣಾದ ನೀರು ಯಾರು ಹೊರುತ್ತಿದ್ದರು ಅಂತ ಕೇಳಿ ಬರೆದ ಒಬ್ಬ ವಾಲೆ ನಮಗೆ ಸಿಕ್ಕಿಲ್ಲ.

ಚಿತ್ತಾಪುರದ ಹತ್ತಿರದ ನಾಗಾವಿಯನ್ನೂ ನೋಡಿ. 1058ರ ಶಾಸನ ಅಲ್ಲಿಯ ಘಟಿಕಾಸ್ಥಾನದ ಲೆಕ್ಕ ಕೊಡುತ್ತದೆ. ವೇದ ಓದುವವರು 200 ಮಂದಿ, ಪುಸ್ತಕ ಭಂಡಾರ ನೋಡಿಕೊಳ್ಳಲು 6 ಮಂದಿ. ದಾನ ಕೊಟ್ಟವರು ಇದ್ದರು, ಅದಕ್ಕೇ ಕಲ್ಲಿನ ಮೇಲೆ ಬರೆಸಿದರು. ಘಟ್ಟದ ಹಳ್ಳಿಯ ನಾಲ್ಕು ಹುಡುಗರ ಮರಳಿನ ಶಾಲೆಗೆ ಯಾರೂ ದಾನ ಕೊಟ್ಟಿರಲಿಲ್ಲ. ಅದು ಉಳಿದದ್ದು ಒಬ್ಬ ಮನುಷ್ಯ ಗಂಟು ಕಟ್ಟುವ ಹೊತ್ತಿನಲ್ಲಿ ಸುಮ್ಮನೆ ಕೂರದೆ ನೋಡಿದ್ದರಿಂದ. ದುಡ್ಡು, ಗದ್ದುಗೆ ಇದ್ದವರ ಚರಿತ್ರೆ ಕಲ್ಲಿನಲ್ಲಿ ಹೇಗೋ ಉಳಿಯುತ್ತದೆ. ಉಳಿದವರದ್ದು ಉಳಿಯಬೇಕಾದರೆ ಯಾರಾದರೂ ನೋಡಬೇಕು, ಕೇಳಬೇಕು, ಬರೆಯಬೇಕು.

ನಮ್ಮ ಸೀಮೆಯಲ್ಲಿ ಇದು ತುರ್ತಿನ ಕೆಲಸ. ಖಣಿಗೆ ಹೋದ ಹೊಲದ ಹೆಸರು ಆ ಹೊಲ ಉತ್ತವರ ನಾಲಿಗೆಯ ಮೇಲಿದೆ. ಕೈಯಿಂದಲೇ ಪರ್ಸಿ ಕಲ್ಲು ಪದರ ಪದರವಾಗಿ ಎಬ್ಬಿಸುತ್ತಿದ್ದ ಕಸುಬು ಆ ಕೆಲಸ ಮಾಡಿದ ಮುದುಕರ ಕೈಗೆ ಗೊತ್ತಿದೆ. ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ಹಾಡು ಅಜ್ಜಿಯರ ಜೊತೆಗೇ ಹೋಗುತ್ತಿದೆ. ಊರಿನ ಬಾವಿಗೆ, ಮಾಸ್ತಿಕಲ್ಲಿಗೆ, ಹಾಳುಗುಡಿಗೆ ಒಂದೊಂದು ಕಥೆ ಇದೆ. ವಾಲೆಗೆ ಇದ್ದದ್ದು ಮಸಿ ಮತ್ತು ಕಾಗದ. ನಮ್ಮ ಕೈಯಲ್ಲಿ ಫೋನ್ ಇದೆ, ಅದರಲ್ಲಿ ದನಿ ಹಿಡಿಯುವ ವ್ಯವಸ್ಥೆ ಇದೆ.

ಮಾಡುವುದು ಕಷ್ಟವೇನಲ್ಲ. ಮಳಖೇಡದ ಕೋಟೆಗೆ ಹೋದರೂ ಅಷ್ಟೇ, ಉಳ್ಳಾಲಕ್ಕೆ ಹೋದರೂ ಅಷ್ಟೇ. ಸೆಲ್ಫಿ ತೆಗೆದ ಮೇಲೆ ಅಲ್ಲಿ ಕೆಲಸ ಮಾಡುವ ಒಬ್ಬರನ್ನು ಮಾತಾಡಿಸಿ. ತಾರೀಕು ಹಾಕಿ, ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರು ಬರೆದಿಡಿ. ಕಂಡದ್ದು ಯಾವುದು, ಕೇಳಿದ್ದು ಯಾವುದು ಅಂತ ಬೇರೆ ಬೇರೆ ಮಾಡಿ. ಒಬ್ಬರೇ ಬರೆದರೆ ತಪ್ಪಬಹುದು. ಊರಿನ ನಾಲ್ಕು ಜನ ಕೂಡಿ ಬರೆಯಿರಿ, ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದಿಲ್ಲ.